ಶಟ್‌ಡೌನ್ ಮಾಡುವಾಗ ‘ಮೆಮೊರಿ’ ಎರರ್ ಬಂತಾ? ರ‍್ಯಾಮ್ ಬದಲಿಸೋಕೆ ದುಡ್ಡು ಕೊಡಬೇಡಿ

ದಾವಣಗೆರೆಯಲ್ಲಿ ಅಂಗಡಿ, ಮಂಡಿ, ಆಡಿಟರ್ ಆಫೀಸು ಅಂತ ಕಂಪ್ಯೂಟರ್ ಇಟ್ಟುಕೊಂಡಿರೋರೆಲ್ಲ ಇದನ್ನ ಪೂರ್ತಿ ಓದಿ. ಕಂಪ್ಯೂಟರ್ ದಿನವಿಡೀ ಸರಿಯಾಗಿ ಓಡುತ್ತೆ, ಸಂಜೆ ಶಟ್‌ಡೌನ್ ಕೊಟ್ಟಾಗ ಮಾತ್ರ ಒಂದು ಎರರ್ ಬಾಕ್ಸ್ ಬರುತ್ತೆ, ಅದರಲ್ಲಿ ‘ದಿ ಮೆಮೊರಿ ಕುಡ್ ನಾಟ್ ಬಿ ರೆಡ್’ ಅಂತ ಇರುತ್ತೆ. ಹೀಗಿದ್ದರೆ ಮೆಮೊರಿ ಚಿಪ್ ಪಟ್ಟಿ, ಅಂದ್ರೆ ರ‍್ಯಾಮ್ ಹೋಗಿದೆ ಅಂತ ಯಾರೇ ಹೇಳಲಿ, ತಕ್ಷಣ ನಂಬಬೇಡಿ. ಕಂಪ್ಯೂಟರ್ ಅಂಗಡಿಯವರು ಹಾಗಂದಾಗ ನಾವು ನಂಬಿದೆವು. ರ‍್ಯಾಮ್‌ಗೆ 2,800, ಸರ್ವಿಸ್ ಚಾರ್ಜ್ 500, ಒಟ್ಟು 3,300 ರೂಪಾಯಿ ಕೊಟ್ಟೆವು. ಎರರ್ ಹೋಗಲಿಲ್ಲ. ಹೋಗೋ ಹಾಗೂ ಇರಲಿಲ್ಲ, ಯಾಕಂದ್ರೆ ತಪ್ಪು ರ‍್ಯಾಮ್‌ದಲ್ಲ. ಅದೇ ಅಂಗಡಿಯವರು ಒಂದು ವಾರ ಮೊದಲು 900 ರೂಪಾಯಿಗೆ ಹಾಕಿಕೊಟ್ಟಿದ್ದ ಆಂಟಿವೈರಸ್‌ದು. ಅವರು ಹಾಕಿದ್ದರಿಂದಲೇ ಬಂದ ತೊಂದರೆಗೆ ಅವರೇ ಇನ್ನೊಂದು ಸಲ ದುಡ್ಡು ತಗೊಂಡರು.

ಅಂಗಡಿ ಹೆಸರು ಬರೆಯಲ್ಲ. ಆದರೆ ನಡೆದದ್ದನ್ನ ಒಂದೂ ಬಿಡದೆ ಬರೀತೀನಿ.

ಮೆಷಿನ್ ಆಫೀಸಿನ ಡೆಸ್ಕ್‌ಟಾಪ್. ವಿಂಡೋಸ್ 11, ಟ್ಯಾಲಿ, ನುಡಿ, ತಲಾ 4 ಜಿಬಿಯ ಎರಡು ರ‍್ಯಾಮ್. ಕೊಂಡಾಗಲೇ ಅದರಲ್ಲಿ ಬೇರೆ ಕಂಪನಿಯ ಆಂಟಿವೈರಸ್ ಟ್ರಯಲ್ ಒಂದು ಬಂದಿತ್ತು. ಅವಧಿ ಮುಗಿದಿತ್ತು, ಆದರೆ ತೆಗೆದಿರಲಿಲ್ಲ. ಹೊಸ ಆಂಟಿವೈರಸ್ ಹಾಕೋ ಮುಂಚೆ ಹಳೇದು ಇದೆಯಾ ಅಂತ ನೋಡೋದು ಯಾವ ಟೆಕ್ನಿಶಿಯನ್‌ಗಾದರೂ ಮೊದಲ ಕೆಲಸ. ಅದನ್ನ ನೋಡಲಿಲ್ಲ. ಹಳೇದರ ಮೇಲೇ ಹೊಸದು ಹಾಕಿ, ಕೀ ಹೊಡೆದು, ಹಸಿರು ಟಿಕ್ ತೋರಿಸಿ ಕಳಿಸಿದರು. ಮರುದಿನದಿಂದ ಶಟ್‌ಡೌನ್ ಎರರ್ ಶುರು.

ಜಿಎಸ್‌ಟಿ 3ಬಿ ರಿಟರ್ನ್‌ಗೆ 20ನೇ ತಾರೀಖು ಹತ್ತಿರ ಬಂದಿತ್ತು. ಟ್ಯಾಲಿ ಡೇಟಾ ಏನಾದರೂ ಆದರೆ ಅನ್ನೋ ಗಾಬರಿಯಲ್ಲಿ ಸಿಪಿಯು ಹೊತ್ತುಕೊಂಡು ಅಂಗಡಿಗೆ ಹೋದದ್ದಾಯಿತು. ಅವರು ಶಟ್‌ಡೌನ್ ಕೊಟ್ಟರು, ಬಾಕ್ಸ್ ಬಂತು. ಪರದೆ ಮೇಲೆ ‘ಮೆಮೊರಿ’ ಅನ್ನೋ ಪದದ ಕೆಳಗೇ ಬೆರಳಿಟ್ಟು, “ನೋಡ್ರಿ ಸರ್, ಅದೇ ಹೇಳ್ತೈತಲ್ಲ, ಮೆಮೊರಿ ರೀಡ್ ಆಗ್ತಿಲ್ಲ ಅಂತ. ಕರೆಂಟ್ ಹೋಗಿ ಬಂದು ಮಾಡಿ ರ‍್ಯಾಮ್ ವೀಕ್ ಆಗೈತೆ” ಅಂದರು. ಅಂದವರೇ ಓಕೆ ಒತ್ತಿಬಿಟ್ಟರು. ಬಾಕ್ಸ್ ಮಾಯ. ನಾವು ತಲೆ ಆಡಿಸಿದೆವು.

ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯೋದು ಅಲ್ಲೇ. ಬಾಕ್ಸ್ ಒಳಗಿನ ಒಂದು ಪದ ತೋರಿಸಿದರು, ಮೇಲಿನ ನೀಲಿ–ಬಿಳಿ ಪಟ್ಟಿಯಲ್ಲಿ ಏನಿದೆ ಅಂತ ಓದೋಕೆ ಬಿಡಲಿಲ್ಲ. ಆ ಪಟ್ಟಿಯಲ್ಲಿ ಎಡವಿದ ಪ್ರೋಗ್ರಾಮ್ ಹೆಸರು ಇರುತ್ತೆ, ಅದರ ಮುಂದೆ ‘ಅಪ್ಲಿಕೇಶನ್ ಎರರ್’ ಅಂತ ಇರುತ್ತೆ. ಹಿಂದಿನ ದಿನ ಮೊಬೈಲ್‌ನಲ್ಲಿ ತೆಗೆದ ಫೋಟೊ ಜೇಬಲ್ಲೇ ಇತ್ತು. ತೆಗೆದು ದೊಡ್ಡದು ಮಾಡಿ ನೋಡಿದ್ದರೆ ಸಾಕಿತ್ತು. ನೋಡಿದ್ದು ದುಡ್ಡು ಕೊಟ್ಟು ಬಂದ ಮೇಲೆ. ಅದರಲ್ಲಿ ಇದ್ದದ್ದು ಅವರೇ ಮಾರಿದ ಆಂಟಿವೈರಸ್ ಹೆಸರು. ಗಡಿಯಾರದ ಪಕ್ಕ ಕೂರುತ್ತಲ್ಲ, ಆ ಐಕಾನ್ ಪ್ರೋಗ್ರಾಮ್. ಇಷ್ಟು ನೇರವಾಗಿ ಬರೆದಿದ್ದನ್ನ ಓದದೆ ಬಂದೆವಲ್ಲ ಅಂತ ನಾಚಿಕೆ ಆಗುತ್ತೆ.

ಆ ಸಂದೇಶದಲ್ಲಿರೋ ಮೆಮೊರಿ ಅಂದ್ರೆ ಮದರ್‌ಬೋರ್ಡಿಗೆ ಸಿಗಿಸೋ ರ‍್ಯಾಮ್ ಅಲ್ಲ. ಪ್ರತಿ ಪ್ರೋಗ್ರಾಮ್‌ಗೂ ವಿಂಡೋಸ್ ಒಂದಿಷ್ಟು ವಿಳಾಸಗಳನ್ನ ಲೆಕ್ಕದಲ್ಲಿ ಕೊಟ್ಟಿರುತ್ತೆ. ಆ ಲೆಕ್ಕದಲ್ಲಿ ಇಲ್ಲದ ವಿಳಾಸ ಓದೋಕೆ ಪ್ರೋಗ್ರಾಮ್ ಹೋದರೆ ಈ ಎರರ್. ಬಾಕ್ಸ್‌ನಲ್ಲಿ ಎರಡು ಉದ್ದ ಸಂಖ್ಯೆ ಇರುತ್ತವೆ. ಮೊದಲನೇದು ಯಾವ ಆದೇಶದ ಹತ್ತಿರ ಎಡವಿತು ಅನ್ನೋದು, ಎರಡನೇದು ಯಾವ ವಿಳಾಸ ಓದೋಕೆ ಹೋಗಿತ್ತು ಅನ್ನೋದು. ನಮ್ಮದರಲ್ಲಿ ಎರಡನೇದು ಬರೀ ಸೊನ್ನೆ. ಅಂದ್ರೆ ಇಲ್ಲದ ವಸ್ತುವನ್ನ ಕೇಳಿದೆ, ಪ್ರೋಗ್ರಾಮಿನದೇ ತಪ್ಪು. ರ‍್ಯಾಮ್ ನಿಜವಾಗಲೂ ಕೆಟ್ಟಿದ್ದರೆ ದಿನಾ ಅದೇ ಹೊತ್ತಿಗೆ, ಅದೇ ಒಂದು ಪ್ರೋಗ್ರಾಮ್ ಹೆಸರಲ್ಲಿ ಮಾತ್ರ ಯಾಕೆ ಬರುತ್ತೆ? ಟ್ಯಾಲಿ ನಡುವೆ ಕೂಡ ಬೀಳುತ್ತೆ, ಬ್ರೌಸರ್ ಬೀಳುತ್ತೆ, ನೀಲಿ ಪರದೆ ಬರುತ್ತೆ, ಕೆಲವು ಸಲ ಆನ್ ಆಗೋದೇ ಇಲ್ಲ. ಇವ್ಯಾವೂ ಇರಲಿಲ್ಲ.

ಅನುಮಾನ ಇದ್ದರೆ ಪರೀಕ್ಷೆ ಮಾಡೋಕೆ ದುಡ್ಡೂ ಬೇಕಿಲ್ಲ. ಸ್ಟಾರ್ಟ್‌ನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಅಂತ ಹುಡುಕಿ, ರೀಸ್ಟಾರ್ಟ್ ಕೊಡಿ. ಪರೀಕ್ಷೆ ಶುರುವಾದಾಗ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಿದರೆ ಇನ್ನೂ ಕೂಲಂಕಷವಾಗಿ ನೋಡುತ್ತೆ, ರಾತ್ರಿ ಬಿಟ್ಟು ಹೋಗಿ. ಈ ಪರೀಕ್ಷೆಯನ್ನ ಅಂಗಡಿಯಲ್ಲಿ ಮಾಡಲೇ ಇಲ್ಲ. ಬೆರಳಿಟ್ಟು ತೋರಿಸಿದ್ದೇ ಪರೀಕ್ಷೆ.

ಹೊಸ ರ‍್ಯಾಮ್ ಹಾಕಿ, ಆನ್ ಮಾಡಿ, ಒಂದೇ ನಿಮಿಷಕ್ಕೆ ಶಟ್‌ಡೌನ್ ಮಾಡಿ “ಈಗ ಬಂತಾ? ಇಲ್ಲಲ್ಲ?” ಅಂದರು. ಒಂದು ನಿಮಿಷಕ್ಕೆ ಆ ಆಂಟಿವೈರಸ್ ಪೂರ್ತಿ ಲೋಡೇ ಆಗಿರಲ್ಲ. ಆಫೀಸಿಗೆ ತಂದು ಎರಡು ತಾಸು ಕೆಲಸ ಮಾಡಿ ಆಫ್ ಮಾಡಿದರೆ ಅದೇ ಬಾಕ್ಸ್, ಅದೇ ಹೆಸರು, ಅದೇ ಸೊನ್ನೆಗಳು.

ಇನ್ನೊಂದು ಮೋಸ ಆಮೇಲೆ ಗೊತ್ತಾಯಿತು. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಮೆಮೊರಿ ನೋಡಿದರೆ ಒಟ್ಟು 8 ಜಿಬಿನೇ ಇದೆ, ‘ಸ್ಲಾಟ್ಸ್ ಯೂಸ್ಡ್’ ಮುಂದೆ ಮಾತ್ರ ಎರಡರಲ್ಲಿ ಒಂದು ಅಂತ ಇದೆ. ಎರಡು 4 ಜಿಬಿ ತೆಗೆದು ಒಂದು 8 ಜಿಬಿ ಸಿಗಿಸಿದ್ದಾರೆ. ಜಾಗ ಒಂದಿಷ್ಟೂ ಹೆಚ್ಚಲಿಲ್ಲ. ಮೊದಲು ಎರಡು ರ‍್ಯಾಮ್ ಡ್ಯುಯಲ್ ಚಾನೆಲ್‌ನಲ್ಲಿ ಓಡ್ತಿದ್ದವು, ಅಂದ್ರೆ ಡೇಟಾ ಎರಡು ದಾರಿಯಲ್ಲಿ ಒಟ್ಟಿಗೆ ಹೋಗ್ತಿತ್ತು, ಈಗ ಸಿಂಗಲ್, ಒಂದೇ ದಾರಿ. 2,800 ಕೊಟ್ಟು ಇದ್ದದ್ದಕ್ಕಿಂತ ಕಡಿಮೆ ಮಾಡಿಸಿಕೊಂಡು ಬಂದ ಹಾಗಾಯಿತು.

ಫೋನ್ ಮಾಡಿದಾಗ ಬಂದ ಉತ್ತರ ಕೇಳಿ. ಎರರ್ ಇನ್ನೂ ಬರ್ತಿದೆ ಅಂದ್ರೆ, “ಹಂಗಾದ್ರೆ ಮದರ್‌ಬೋರ್ಡ್ ಇರ‍್ಬೇಕು ಸರ್, ತಗೊಂಬರ್ರಿ.” ಹೆಸರು ನಿಮ್ಮ ಆಂಟಿವೈರಸ್‌ದೇ ಬರ್ತಿದೆ ಅಂದ್ರೆ, “ಆಂಟಿವೈರಸ್ ಎಲ್ಲಾದ್ರೂ ಕಂಪ್ಯೂಟರ್ ಕೆಡಿಸ್ತೈತೇನ್ರಿ? ಅದು ಇರೋದೇ ಕಾಯೋಕೆ.” ಹಳೇ ರ‍್ಯಾಮ್ ಎರಡೂ ವಾಪಸ್ ಕೊಡಿ ಅಂದ್ರೆ, “ಅವು ಸ್ಕ್ರ್ಯಾಪ್‌ಗೆ ಹೋದ್ವು.” ಮೂರೇ ದಿನದಲ್ಲಿ! ಬಿಲ್ ಕೇಳಿದ್ರೆ, “ಬಿಲ್ ಬೇಕಂದ್ರೆ 18 ಪರ್ಸೆಂಟ್ ಸೇರ‍್ತೈತೆ, ಮೊದ್ಲೇ ಹೇಳ್ಬೇಕಿತ್ತು.”

ಆಂಟಿವೈರಸ್ ಕೆಡಿಸುತ್ತಾ ಅಂತ ಕೇಳಿದರಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ತಂತ್ರಾಂಶದ ಒಂದೇ ಒಂದು ತಪ್ಪು ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಅಂತ ಮೈಕ್ರೋಸಾಫ್ಟೇ ಲೆಕ್ಕ ಕೊಟ್ಟಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಭದ್ರತಾ ತಂತ್ರಾಂಶ ವಿಂಡೋಸ್‌ನ ಆಳಕ್ಕೆ ಇಳಿದು ಕೂತಿರುತ್ತೆ, ತೆರೆಯೋ ಪ್ರತಿ ಫೈಲನ್ನ ತಡೆದು ನೋಡುತ್ತೆ, ಬೇರೆ ಪ್ರೋಗ್ರಾಮ್‌ಗಳ ಒಳಗೂ ತನ್ನ ತುಣುಕು ಸೇರಿಸುತ್ತೆ. ಅಂಥವು ಎರಡು ಒಂದೇ ಯಂತ್ರದಲ್ಲಿದ್ದರೆ ಒಂದನ್ನೊಂದು ತಡೆಯುತ್ತವೆ.

ನಮ್ಮಲ್ಲಿ ಆಗಿದ್ದು ಇದೇ, ಊಹೆ ಅಲ್ಲ. ವಿಂಡೋಸ್ ತಾನು ಕಂಡ ತೊಂದರೆಗಳನ್ನ ಬರೆದಿಡೋ ಇವೆಂಟ್ ವ್ಯೂವರ್ ತೆಗೀರಿ, ವಿಂಡೋಸ್ ಲಾಗ್ಸ್, ಅದರಲ್ಲಿ ಅಪ್ಲಿಕೇಶನ್. ಶಟ್‌ಡೌನ್ ಮಾಡಿದ ಹೊತ್ತಿಗೆ ಕೆಂಪು ಗುರುತಿನ, ಇವೆಂಟ್ ಐಡಿ 1000 ಇರೋ ಸಾಲು ಹುಡುಕಿ. ‘ಫಾಲ್ಟಿಂಗ್ ಅಪ್ಲಿಕೇಶನ್’ ಅನ್ನೋದು ಬಿದ್ದ ಪ್ರೋಗ್ರಾಮ್, ‘ಫಾಲ್ಟಿಂಗ್ ಮಾಡ್ಯೂಲ್’ ಅನ್ನೋದು ಅದರೊಳಗೆ ಯಾವ ಫೈಲಿನಲ್ಲಿ ಬಿತ್ತು ಅನ್ನೋದು. ಅಪ್ಲಿಕೇಶನ್ ಹೊಸ ಆಂಟಿವೈರಸ್‌ದು, ಮಾಡ್ಯೂಲ್ ಹಳೇ ಟ್ರಯಲ್‌ದು! ಕೋಡ್ ಸಿ0000005, ಅಂದ್ರೆ ಅನುಮತಿ ಇಲ್ಲದ ವಿಳಾಸ ಮುಟ್ಟಿದ್ದು. ಐದು ನಿಮಿಷದ ಕೆಲಸ ಇದು. ಅಂಗಡಿಯಲ್ಲಿ ಕೂತವರಿಗೆ ಇದು ಗೊತ್ತಿರಲಿಲ್ಲ ಅಂದ್ರೆ ನಂಬೋಕೆ ಆಗಲ್ಲ.

ಸರಿಮಾಡಿದ್ದು ಹೀಗೆ. ಮೊದಲು ಹೊಸದರ ಕೀ ಬರೆದಿಟ್ಟುಕೊಂಡು, ಎರಡೂ ಕಂಪನಿಗಳ ಸ್ವಂತ ವೆಬ್‌ಸೈಟಿನಿಂದಲೇ ಅವರವರ ರಿಮೂವಲ್ ಟೂಲ್ ಇಳಿಸಿಕೊಂಡದ್ದಾಯಿತು. ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೈಯಲ್ಲಿಟ್ಟುಕೊಳ್ಳದೆ ಮುಂದೆ ಹೋಗಲೇಬೇಡಿ, ಸೇಫ್ ಮೋಡ್‌ಗೆ (ಅಗತ್ಯವಿರೋ ಭಾಗಗಳಷ್ಟೇ ಓಡೋ ವಿಂಡೋಸ್‌ಗೆ) ಹೋಗುವಾಗ ಕೇಳಬಹುದು. ಆಮೇಲೆ ಮಾಮೂಲಿ ವಿಂಡೋಸ್‌ನಲ್ಲೇ ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿ. ಇದನ್ನ ಸೇಫ್ ಮೋಡ್‌ನಲ್ಲಿ ಮಾಡೋಕೆ ಹೋದರೆ ವಿಂಡೋಸ್ ಇನ್‌ಸ್ಟಾಲರ್ ಸೇವೆ ಅಲ್ಲಿ ಓಡಲ್ಲ, ಅರ್ಧಕ್ಕೆ ನಿಲ್ಲಬಹುದು. ಅನ್‌ಇನ್‌ಸ್ಟಾಲ್ ಆದ ಮೇಲೆ ರೀಸ್ಟಾರ್ಟ್ ಕೊಡಿ, ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ತನ್ನ ಒಳಭಾಗವನ್ನ ಡಿಸ್ಕ್‌ಗೆ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತೆ, ಆಂಟಿವೈರಸ್ ವಿಂಡೋಸ್ ಆಳದಲ್ಲಿ ಇಟ್ಟ ತುಣುಕು, ಅಂದ್ರೆ ಹಳೇ ಡ್ರೈವರ್ ಕೂಡ ಜೊತೆಗೇ ಬರುತ್ತೆ. ರೀಸ್ಟಾರ್ಟ್‌ನಲ್ಲಿ ಹಾಗಾಗಲ್ಲ.

ನಂತರ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4. ಸೇಫ್ ಮೋಡ್‌ನಲ್ಲಿ ರಿಮೂವಲ್ ಟೂಲ್‌ಗಳನ್ನ ಒಂದಾದ ಮೇಲೊಂದು ಓಡಿಸಿ. ಪ್ರೋಗ್ರಾಮ್ ಫೈಲ್ಸ್‌ನಲ್ಲಿರೋ ಫೋಲ್ಡರನ್ನ ಮಾತ್ರ ಕೈಯಿಂದ ಅಳಿಸಬೇಡಿ, ಡ್ರೈವರ್ ನೋಂದಣಿ ಉಳಿದುಕೊಂಡು ಇಂಟರ್ನೆಟ್ಟೇ ಹೋದದ್ದೂ ಉಂಟು. ಮತ್ತೆ ಮಾಮೂಲಿಗೆ ಬಂದು ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಫ್ ಎಲ್ ಟಿ ಎಂ ಸಿ, ಈ ಐದು ಅಕ್ಷರ ಹೊಡೆದು ಎಂಟರ್ ಕೊಡಿ. ಫೈಲ್ ತಡೆದು ನೋಡೋ ಡ್ರೈವರ್‌ಗಳ ಪಟ್ಟಿ ಬರುತ್ತೆ. ‘ಆಲ್ಟಿಟ್ಯೂಡ್’ ಕಾಲಂನಲ್ಲಿ 320000ದಿಂದ 329998ರ ಒಳಗಿನವು ಆಂಟಿವೈರಸ್‌ಗಳು. ವಿಂಡೋಸ್‌ನದೇ ಡಿಫೆಂಡರ್‌ದು 328010. ಅದೊಂದು ಬಿಟ್ಟು ಆ ಸಾಲಿನಲ್ಲಿ ಬೇರೆ ಇದ್ದರೆ ಹಳೇದು ಇನ್ನೂ ಹೋಗಿಲ್ಲ ಅಂತಲೇ. ನಮ್ಮಲ್ಲಿ ಟ್ರಯಲ್‌ನ ಡ್ರೈವರ್ ಮೊದಲ ಸಲಕ್ಕೆ ಹೋಗಲಿಲ್ಲ, ಟೂಲನ್ನ ಎರಡನೇ ಸಲ ಓಡಿಸಿದ ಮೇಲೆ ಹೋಯಿತು.

ಶಟ್‌ಡೌನ್ ತಡವಾಗ್ತಿದೆ ಅಂತ ರಿಜಿಸ್ಟ್ರಿಯಲ್ಲಿ, ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನ ಬರೆದಿಡೋ ಜಾಗದಲ್ಲಿ, ಪ್ರೋಗ್ರಾಮ್ ಮುಚ್ಚೋಕೆ ಕಾಯುವ ಸಮಯವನ್ನ 5000 ಮಿಲಿಸೆಕೆಂಡ್‌ನಿಂದ ಇಳಿಸೋ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಎರರ್ ಮುಚ್ಚಿಹೋಗುತ್ತೆ, ಕಾರಣ ಹಾಗೇ ಇರುತ್ತೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಲೂಬೇಡಿ, ಟ್ಯಾಲಿ ಡೇಟಾ ಕೆಡೋದು ಹಾಗೇನೇ.

ಅಂಗಡಿಗೆ ಹೋಗಲೇಬೇಕಾದರೆ ಎರರ್ ಬಾಕ್ಸಿನ ಫೋಟೊ ತೆಗೆದು, ಮೇಲಿನ ಹೆಸರು ಮೊದಲು ನೀವೇ ಓದಿ. ಬಿಚ್ಚಿದ ರ‍್ಯಾಮ್ ಅಲ್ಲೇ ಕೈಗೆ ತಗೊಳ್ಳಿ. ಬಿಲ್ ಇಲ್ಲದೆ ಒಂದು ರೂಪಾಯಿನೂ ಕೊಡಬೇಡಿ. ಮೋಸ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ.

ಈಗ ಡಿಫೆಂಡರ್ ಒಂದೇ ಇದೆ, ಹನ್ನೆರಡು ದಿನದಿಂದ ಎರರ್ ಬಂದಿಲ್ಲ. ನಾವು ಕೊಟ್ಟದ್ದು ಯುಪಿಐನಲ್ಲಿ, ಅದರ ಸ್ಕ್ರೀನ್‌ಶಾಟ್, ಇವೆಂಟ್ 1000ರ ಫೋಟೊ ಎರಡನ್ನೂ ಅಂಗಡಿಗೆ ಕಳಿಸಿದ್ದಾಯಿತು. “ಎಲೆಕ್ಟ್ರಾನಿಕ್ ಐಟಂ ವಾಪಸ್ ಇಲ್ಲ ಸರ್” ಅಂತ ಒಂದು ಸಾಲು ಬಂತು. ಆ ಎರಡು 4 ಜಿಬಿ ರ‍್ಯಾಮ್ ಇನ್ನೂ ಬಂದಿಲ್ಲ.