ಸೆಪ್ಸಿಸ್ ಕೇಸಿಗೆ ಈ ಐಸಿಯು ನಂಬಬಹುದು, ವೇಟಿಂಗ್ ಹಾಲ್ ಮಾತ್ರ ಸರಿ ಮಾಡ್ಬೇಕು

ನಮ್ಮ ದೊಡ್ಡಪ್ಪಂಗೆ ಶುಗರ್ ಇದೆ, ಗದ್ದೇಲಿ ಕಾಲಿಗೆ ಗಾಯ ಆಗಿ ಕೀವು ತುಂಬ್ಕೊಂಡಿತ್ತು, ಮಂಡ್ಯದಲ್ಲೇ ಡ್ರೆಸ್ಸಿಂಗ್ ಮಾಡಿಸ್ತಿದ್ವಿ, ಆಮೇಲೆ ಚಳಿಜ್ವರ ಬಂದು ಏನೇನೋ ಬಡಬಡಿಸೋಕೆ ಶುರು ಮಾಡಿದ್ರು, ರಾತ್ರೋರಾತ್ರಿ ಮೈಸೂರಿಗೆ ತಂದು ಇಲ್ಲಿ ಸೇರಿಸಿದ್ವಿ. ಎಮರ್ಜೆನ್ಸೀಲಿ ದುಡ್ಡಿನ ಮಾತು ಎತ್ತೋಕೆ ಮುಂಚೇನೇ ಬಿಪಿ, ಉಸಿರು ನೋಡಿ, ಯಾವ ರೋಗಾಣು ಅಂತ ಪತ್ತೆ ಹಚ್ಚೋ ಕಲ್ಚರ್ ಟೆಸ್ಟ್‌ಗೆ ರಕ್ತ ತಗೊಂಡು, ಒಂದು ಗಂಟೆ ಒಳಗೆ ಆಂಟಿಬಯಾಟಿಕ್ ಹಾಕಿದ್ರು.

ನಾನು ಲ್ಯಾಬ್ ಟೆಕ್ನಿಷಿಯನ್, ರಿಪೋರ್ಟ್ ಓದೋಕೆ ಬರುತ್ತೆ, ಅದಕ್ಕೆ ಬಿಡಿಸಿ ಬರೀತಿದ್ದೀನಿ. ಸೆಪ್ಸಿಸ್ ಅಂದ್ರೆ ಸೋಂಕಿನ ವಿರುದ್ಧ ದೇಹದ ಹೋರಾಟ ಹದ್ದು ಮೀರಿ ನಮ್ಮದೇ ಕಿಡ್ನಿ ಲಿವರ್‌ಗೆ ಪೆಟ್ಟು ಬೀಳೋದು. ಇಲ್ಲಿ ದಿನಾ ಸೋಫಾ (SOFA) ಸ್ಕೋರ್ ಹಾಕ್ತಾರೆ, ಅಂದ್ರೆ ಯಾವ ಅಂಗಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಅನ್ನೋ ಲೆಕ್ಕ, ನಂಬರ್ ಜಾಸ್ತಿ ಆದಷ್ಟೂ ಸ್ಥಿತಿ ಕೆಟ್ಟಿದೆ ಅಂತ. ಶ್ವಾಸಕೋಶ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್, ಲಿವರ್ ಸ್ಥಿತಿ ತೋರಿಸೋ ಬಿಲಿರುಬಿನ್, ಬಿಪಿ, ಪ್ರಜ್ಞೆ, ಕಿಡ್ನಿ, ಒಂದೊಂದಕ್ಕೂ 0ಯಿಂದ 4, ಒಟ್ಟು 24. ಸೋಂಕು ಇದ್ದು ಸ್ಕೋರ್ ಮೊದಲಿಗಿಂತ 2 ಏರಿದ್ರೆ ಅದನ್ನ ಸೆಪ್ಸಿಸ್ ಅಂತಾನೇ ಹಿಡೀಬೇಕು ಅನ್ನೋದು 2016ರಿಂದ ಇರೋ ಲೆಕ್ಕ.

ದೊಡ್ಡಪ್ಪನ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ರೆ ರಕ್ತದಲ್ಲಿ ಏರೋ ಅಂಶ) 1.1 ಇದ್ದಿದ್ದು ಮಾರನೇ ದಿನ 1.9 ಆಯ್ತು, ಪ್ಲೇಟ್‌ಲೆಟ್ 90 ಸಾವಿರಕ್ಕೆ ಇಳೀತು. ಬೇರೆ ಬೇರೆ ನೋಡಿದ್ರೆ ಯಾವುದೂ ಅಷ್ಟು ಗಾಬರಿ ಹುಟ್ಟಿಸೋ ನಂಬರ್ ಅಲ್ಲ! ಆದ್ರೆ ಡ್ಯೂಟಿ ಡಾಕ್ಟರು ಯೂರಿನ್ ಬ್ಯಾಗ್ ಗಂಟೆಗಂಟೆಗೂ ಅಳೆಸಿ, ನಮ್ಮನ್ನ ಒಳಗೆ ಕರೆದು ಕೂರಿಸಿ, ಕಿಡ್ನಿಗೆ ಹೊಡೆತ ಬೀಳೋ ಲಕ್ಷಣ ಕಾಣ್ತಿದೆ, ಡಯಾಲಿಸಿಸ್ ಬೇಕಾಗ್ಬಹುದು ಅಂತ ಮೊದಲೇ ಹೇಳಿದ್ರು, ಕಿಡ್ನಿಗೆ ಆಗದ ನೋವಿನ ಔಷಧಿ ನಿಲ್ಲಿಸಿದ್ರು, ಸರ್ಜನ್ ಅವತ್ತೇ ಕೀವು ಪೂರ್ತಿ ತೆಗೆದ್ರು. ಡಯಾಲಿಸಿಸ್ ಬೇಕಾಗ್ಲಿಲ್ಲ. ಇಷ್ಟು ಸ್ಕೋರ್ ಅಂದ್ರೆ ಬದುಕ್ತಾರಾ ಸಾರ್ ಅಂತ ನಮ್ಮ ಅಣ್ಣ ಡ್ಯೂಟಿ ಡಾಕ್ಟರನ್ನ ಕೇಳಿದ್ದಕ್ಕೆ, ಒಬ್ಬ ಮನುಷ್ಯನ ವಿಷಯದಲ್ಲಿ ಹಂಗೆ ಹೇಳಕ್ಕಾಗಲ್ಲಪ್ಪ, ದಿನದಿಂದ ದಿನಕ್ಕೆ ಏರ್ತಿದ್ಯಾ ಇಳೀತಿದ್ಯಾ ನೋಡೋಣ ಅಂದ್ರು. ಆ ಮಾತಿಗೇ ನಂಗೆ ಇವ್ರ ಮೇಲೆ ನಂಬಿಕೆ ಬಂದಿದ್ದು.

ಟೆಸ್ಟ್ ಬಿಲ್ ಜಾಸ್ತಿನೇ ಬರುತ್ತೆ, ಆದ್ರೆ ಸೆಪ್ಸಿಸ್‌ನಲ್ಲಿ ದಿನಾ ಟೆಸ್ಟ್ ಮಾಡದೆ ಇದ್ರೆ ಏನೂ ಗೊತ್ತಾಗಲ್ಲ, ಸುಮ್ನೆ ಮಾಡಿಸ್ತಾರೆ ಅಂತ ಜಗಳ ಆಡ್ಬೇಡಿ. ವೇಟಿಂಗ್ ಹಾಲಲ್ಲಿ ರಾತ್ರಿ ಮಲಗೋಕೆ ಜಾಗ ಇಲ್ಲ, ವಯಸ್ಸಾದ ಹೆಂಗಸರು ನೆಲದ ಮೇಲೆ ಟವೆಲ್ ಹಾಸ್ಕೊಂಡು ಮಲಗ್ತಾರೆ, ಆಡಳಿತದವರು ಇದನ್ನ ದಯವಿಟ್ಟು ನೋಡಿ. ಡಿಸ್ಚಾರ್ಜ್ ಬಿಲ್‌ಗೂ ಅರ್ಧ ದಿನ ಕಾಯ್ಬೇಕು.

ಬೆಳಿಗ್ಗೆ ರೌಂಡ್ಸ್ ಟೈಮಲ್ಲಿ ಮನೆಯವರು ಒಬ್ರು ಅಲ್ಲೇ ಇರಿ, ಸ್ಕೋರ್ ನಿನ್ನೆ ಎಷ್ಟಿತ್ತು ಇವತ್ತು ಎಷ್ಟು ಅಂತ ಕೇಳಿ, ಬೇಜಾರಿಲ್ದೆ ಹೇಳ್ತಾರೆ.