ಹೈಡ್ರಿಲ್ಲಾ, ತಾವರೆ ಎಲೆ, ಮುಳುಗಿದ ಮರ: 65 ಪೌಂಡ್ ಬ್ರೇಡ್ ಮತ್ತು ಏಳೂವರೆ ಅಡಿ ರಾಡ್, ಕೆಲವು ವರ್ಷಗಳ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ. ಗಿಡಗಂಟಿ ತುಂಬಿದ ನೀರಿನಲ್ಲಿ ಬ್ಯಾಸ್ ಮೀನು ಹಿಡಿಯಬೇಕೆಂದರೆ ತಲೆ ಕೆಡಿಸಿಕೊಳ್ಳಬೇಕಾದದ್ದು ಮೊದಲು ಲೈನ್, ಅಂದರೆ ಗಾಳದ ದಾರದ ಬಗ್ಗೆ, ಆಮೇಲೆ ರಾಡ್ ಬಗ್ಗೆ. ಅಂಗಡಿಗೆ ಹೋದರೆ ಇದು ಉಲ್ಟಾ ಆಗುತ್ತದೆ. ಗೋಡೆ ತುಂಬ ರಾಡ್ ನಿಲ್ಲಿಸಿರುತ್ತಾರೆ, ಮುನ್ನೂರು ಡಾಲರಿನದ್ದನ್ನು ಕೈಗೆ ಕೊಟ್ಟು ಅಲ್ಲಾಡಿಸಿ ನೋಡಿ ಅನ್ನುತ್ತಾರೆ, ಲೈನ್ ಮಾತ್ರ ಮೂಲೆಯಲ್ಲಿ ನೇತಾಡುತ್ತಿರುತ್ತದೆ.

ನನ್ನ ಹತ್ತಿರ ಇರುವುದು ಏಳು ಅಡಿ ಆರು ಇಂಚಿನ ರಾಡ್. ಹೆವಿ ಪವರ್, ಫಾಸ್ಟ್ ಆಕ್ಷನ್, ಮಧ್ಯಮ ಬೆಲೆಯದ್ದು. ಅದಕ್ಕೆ ಜೊತೆಯಾಗಿ ಪವರ್‌ಪ್ರೊ ಬ್ರ್ಯಾಂಡಿನ 65 ಪೌಂಡ್ ಬ್ರೇಡ್, ಅಂದರೆ ಅಷ್ಟು ಎಳೆತ ತಡೆಯುವ, ನೂಲು ಹೆಣೆದು ಮಾಡಿದ ದಾರ. ಕೆಲವು ವರ್ಷಗಳಿಂದ ಇದೇ ಜೋಡಿ. ಹೊಸದರಲ್ಲಿ ಯಾವುದಾದರೂ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಹಳೆಯದಾದ ಮೇಲೆ ಹೇಗಿದೆ ಅಂತ ಬರೆಯುತ್ತಿದ್ದೇನೆ.

ನಾನಿರುವುದು ಡಲ್ಲಾಸ್‌ನ ಉತ್ತರಕ್ಕೆ, ಪ್ಲೇನೋ ಕಡೆ. ಹೋಗುವುದು ಹೆಚ್ಚಾಗಿ ಲೇಕ್ ಫೋರ್ಕ್‌ಗೆ, ಕಾರಿನಲ್ಲಿ ಒಂದೂವರೆ ಗಂಟೆ. ಸುಮಾರು 27,000 ಎಕರೆಯ ಹಿನ್ನೀರು ಅದು. ಅಣೆಕಟ್ಟು ಕಟ್ಟಿ 1980ರ ದಶಕದಲ್ಲಿ ನೀರು ತುಂಬಿಸಿದಾಗ ಒಳಗಿದ್ದ ಮರಗಳಲ್ಲಿ ಎಷ್ಟೋ ಮರಗಳನ್ನು ಕಡಿಯದೆ ಹಾಗೇ ಬಿಟ್ಟರು. ಈಗಲೂ ನೀರಿನಿಂದ ಬೋಳು ಕಾಂಡಗಳು ಮೇಲೆದ್ದು ನಿಂತಿವೆ, ಅದಕ್ಕಿಂತ ಜಾಸ್ತಿ ನೀರಿನ ಕೆಳಗೆ ಕಾಣದ ಹಾಗೆ ಇವೆ. ಟೆಕ್ಸಸ್‌ನ ದಾಖಲೆ ಬ್ಯಾಸ್, 18.18 ಪೌಂಡಿನದ್ದು, ಸಿಕ್ಕಿದ್ದೂ ಇಲ್ಲೇ, 1992ರ ಜನವರಿಯಲ್ಲಿ. ಮರ ಸಾಲದು ಅಂತ ತಾವರೆ, ಜೊಂಡು, ಹೈಡ್ರಿಲ್ಲಾ ಬೇರೆ. ಈ ಹೈಡ್ರಿಲ್ಲಾ ನಮ್ಮ ಊರಿನ ಕೆರೆಗಳಲ್ಲೂ ಬೆಳೆಯುವ ಗಿಡವೇ. ಏಷ್ಯಾದಿಂದ ಅಕ್ವೇರಿಯಂ ವ್ಯಾಪಾರದ ಮೂಲಕ 1950ರ ದಶಕದಲ್ಲಿ ಫ್ಲಾರಿಡಾಗೆ ಬಂತು, ಈಗ ದಕ್ಷಿಣದ ರಾಜ್ಯಗಳಲ್ಲೆಲ್ಲಾ ಹಬ್ಬಿದೆ. ದೋಣಿ ಇಟ್ಟುಕೊಂಡವರು ಬೈಯುತ್ತಾರೆ. ಬ್ಯಾಸ್ ಹಿಡಿಯುವವರು ಮನಸ್ಸಿನಲ್ಲೇ ಖುಷಿಪಡುತ್ತಾರೆ, ಯಾಕೆಂದರೆ ದೊಡ್ಡ ಮೀನು ನೆರಳಿಗೆ, ಬೇಟೆಗೆ ಅದರೊಳಗೇ ಕೂತಿರುತ್ತದೆ.

ಸರಿ, ಲೈನ್ ವಿಷಯ. 20 ಪೌಂಡ್ ಫ್ಲೋರೋಕಾರ್ಬನ್ (ಹೆಣೆಯದ, ಒಂಟಿ ಎಳೆಯ ದಾರ) ಮತ್ತು 65 ಪೌಂಡ್ ಬ್ರೇಡ್ ಎರಡನ್ನೂ ಬೆರಳ ಸಂದಿಯಲ್ಲಿ ಹಿಡಿದು ನೋಡಿ. ದಪ್ಪ ಹತ್ತಿರಹತ್ತಿರ ಒಂದೇ, ಇಂಚಿನ ಸಾವಿರದಲ್ಲಿ ಹದಿನಾರು ಭಾಗದ ಆಸುಪಾಸು. ಅಷ್ಟೇ ದಪ್ಪದಲ್ಲಿ ಮೂರು ಪಟ್ಟು ಬಲ ಸಿಗುತ್ತದೆ. ಆದರೆ ನನ್ನ ಪ್ರಕಾರ ಬಲಕ್ಕಿಂತ ಮುಖ್ಯವಾದದ್ದು ಬ್ರೇಡ್ ಎಳೆದರೆ ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲ ಅನ್ನುವುದು. ಇಪ್ಪತ್ತೈದು ಗಜ ದೂರದಲ್ಲಿ, ತಾವರೆ ಎಲೆಗಳ ಮಧ್ಯೆ, ರಬ್ಬರ್ ಕಪ್ಪೆಯನ್ನು ಮೀನು ನುಂಗಿದೆ ಅಂದುಕೊಳ್ಳಿ. ಆ ಕಪ್ಪೆಗೆ ಇರುವುದು ದಪ್ಪ ತಂತಿಯ ಜೋಡಿ ಹುಕ್. ಅದು ಗಟ್ಟಿ ದವಡೆಯೊಳಗೆ ಇಳಿಯಬೇಕು. ನೈಲಾನ್ ಮೋನೋ (ಇದೂ ಒಂಟಿ ಎಳೆಯ ದಾರ) ಆದರೆ ನೀವು ರಾಡ್ ಎತ್ತಿದ ಶಕ್ತಿಯಲ್ಲಿ ಒಂದಷ್ಟು ಭಾಗ ದಾರ ಹಿಗ್ಗುವುದಕ್ಕೇ ಹೋಗುತ್ತದೆ. ಬ್ರೇಡ್‌ನಲ್ಲಿ ಕೈ ಎಷ್ಟು ಎಳೆಯಿತೋ ಅಷ್ಟೂ ಆ ಕಡೆ ಮುಟ್ಟುತ್ತದೆ.

ಇನ್ನೊಂದು, ಬ್ರೇಡ್ ನೀರಿನ ಮೇಲೆ ತೇಲುತ್ತದೆ, ಫ್ಲೋರೋಕಾರ್ಬನ್ ಮುಳುಗುತ್ತದೆ. ಕಪ್ಪೆ ಮೇಲೇ ಓಡಾಡಬೇಕಾದಾಗ ದಾರ ಕೆಳಗೆ ಜಗ್ಗಿದರೆ ಅದರ ಮೂತಿ ನೀರಿಗಿಳಿಯುತ್ತದೆ, ಆಟವೇ ಕೆಡುತ್ತದೆ. ಮತ್ತೆ ಬಿಗಿಯಾದ ಬ್ರೇಡ್ ಹಸಿ ಕಾಂಡಗಳನ್ನು ಕೊಯ್ದುಕೊಂಡು ಬರುತ್ತದೆ. ಮೀನು ತಾವರೆ ದಂಟಿಗೆ ಎರಡು ಸುತ್ತು ಹಾಕಿದರೂ ದಂಟು ಕಡಿದು ದಾರ ನೇರವಾಗುವುದು ಕೈಗೇ ಗೊತ್ತಾಗುತ್ತದೆ, ಟಕ್ ಟಕ್ ಅಂತ. ಹೈಡ್ರಿಲ್ಲಾದಲ್ಲಾದರೆ ಮೀನಿನ ಜೊತೆ ಗಿಡವೂ ಬರುತ್ತದೆ, ಹಸುವಿಗೆ ತಂದ ಹುಲ್ಲಿನ ಹೊರೆಯ ಹಾಗೆ ದೋಣಿಯ ಪಕ್ಕ ಬಂದು ನಿಲ್ಲುತ್ತದೆ, ಅದರೊಳಗೆ ಎಲ್ಲೋ ಮೀನು.

ದಾರ ಇಷ್ಟು ದಪ್ಪ ಇದ್ದರೆ ಮೀನಿಗೆ ಕಾಣಲ್ವಾ ಅಂತ ಕೇಳುತ್ತಾರೆ. ದಟ್ಟ ಗಿಡದೊಳಗೆ ಅದಕ್ಕೆ ನೋಡಿ ಯೋಚಿಸುವಷ್ಟು ಸಮಯ ಇರುವುದಿಲ್ಲ, ಸುತ್ತ ಹೇಗೂ ನೂರು ದಂಟುಗಳಿರುತ್ತವೆ. ಹಾಗಾಗಿ ನಾನು ಗಿಡದೊಳಗೆ ಲೀಡರ್, ಅಂದರೆ ಬ್ರೇಡ್ ತುದಿಗೆ ಸೇರಿಸುವ ಬೇರೆ ದಾರದ ತುಂಡು, ಕಟ್ಟುವುದಿಲ್ಲ. ಎರಡು ದಾರ ಸೇರಿಸಿದ ಗಂಟು ಪಾಚಿ ಹಿಡಿದುಕೊಂಡು ಬರುತ್ತದೆ, ಅದೇ ದೊಡ್ಡ ತಲೆನೋವು. ತಿಳಿ ನೀರಿನ ಬಯಲಿನಲ್ಲಿ ಬೇರೆ ಮಾತು.

ಈಗ ರಾಡ್. ಪವರ್ ಬೇರೆ, ಆಕ್ಷನ್ ಬೇರೆ, ಇದನ್ನು ಕಲಸಿಕೊಂಡರೆ ತಪ್ಪು ರಾಡ್ ತರುತ್ತೀರಿ. ಬಗ್ಗಿಸಲು ಎಷ್ಟು ಜೋರು ಬೇಕು ಅನ್ನುವುದು ಪವರ್. ಎಲ್ಲಿ ಬಗ್ಗುತ್ತದೆ ಅನ್ನುವುದು ಆಕ್ಷನ್. ಹೆವಿ ಮತ್ತು ಫಾಸ್ಟ್ ಅಂದರೆ ತುದಿಯ ಸ್ವಲ್ಪ ಭಾಗ ಮಾತ್ರ ಬಾಗುತ್ತದೆ, ಕೆಳಗೆಲ್ಲಾ ಗಟ್ಟಿ. ಆ ಬಾಗುವ ತುದಿ ಇರುವುದರಿಂದಲೇ ಅರ್ಧ ಔನ್ಸಿನ ಕಪ್ಪೆಯನ್ನು ದೂರ ಎಸೆಯಬಹುದು, ಎಡಕ್ಕೆ ಬಲಕ್ಕೆ ಕುಣಿಸಬಹುದು. ಕೆಳಗಿನ ಗಟ್ಟಿ ಭಾಗ ಮೀನಿನ ತಲೆಯನ್ನು ಮೇಲಕ್ಕೆ ತಿರುಗಿಸುವುದಕ್ಕೆ. ತಲೆ ಒಂದು ಸಲ ಕೆಳಗೆ ತಿರುಗಿ ಗಿಡದೊಳಗೆ ನುಗ್ಗಿತೋ, ಕೆಲಸ ಕೆಟ್ಟಿತು. ಮೊದಲ ಮೂರು ನಾಲ್ಕು ಸೆಕೆಂಡಿನಲ್ಲೇ ಎಲ್ಲಾ ತೀರ್ಮಾನ.

ಎಕ್ಸ್‌ಟ್ರಾ ಹೆವಿ ತೆಗೆದುಕೊಂಡರೆ ಇನ್ನೂ ಒಳ್ಳೆಯದಲ್ವಾ ಅಂದರೆ, ಅಲ್ಲ. ಕಪ್ಪೆಗೆ ಅದು ಬಿದಿರು ಗಳದಷ್ಟು ಬಿರುಸು. ಅದರ ಜಾಗ ಪಂಚಿಂಗ್‌ಗೆ: ಗಿಡ ಚಾಪೆಯಂತೆ ಹೆಣೆದುಕೊಂಡಿದ್ದಾಗ ಒಂದರಿಂದ ಎರಡು ಔನ್ಸಿನ ಟಂಗ್‌ಸ್ಟನ್ ತೂಕ ಕಟ್ಟಿ ಅದನ್ನು ಚುಚ್ಚಿಕೊಂಡು ಕೆಳಗಿಳಿಸುತ್ತಾರಲ್ಲ, ಆ ಕೆಲಸಕ್ಕೆ. ಅಲ್ಲಿ ಏಳು ಅಡಿ ಹನ್ನೊಂದು ಇಂಚಿನ ಎಕ್ಸ್‌ಟ್ರಾ ಹೆವಿ ಸರಿ. ನನ್ನ ರಾಡ್ ಮೇಲೆ ಒಂದೂವರೆ ಔನ್ಸ್ ಅಂತ ಮಿತಿ ಬರೆದಿದೆ, ಅದನ್ನು ನಾನು ದಾಟುವುದಿಲ್ಲ. ಒಂದು ಔನ್ಸಿನ ತನಕ ಆರಾಮಾಗಿ ಹೋಗುತ್ತದೆ, ಒಂದೂವರೆಗೆ ತುದಿ ತಲೆ ಬಾಗಿಸುತ್ತದೆ.

ಏಳೂವರೆ ಅಡಿಯೇ ಯಾಕೆ ಅನ್ನುವುದಕ್ಕೆ ಒಂದು ಕಥೆಯಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೀ ಥಾಮಸ್ ಅನ್ನುವ ಬ್ಯಾಸ್ ಹಿಡಿಯುವವರು ಉದ್ದನೆಯ ಕೋಲು ಹಿಡಿದು ಜೊಂಡಿನೊಳಗೆ ಜಿಗ್ (ತಲೆಗೆ ಭಾರ ಹಾಕಿದ ಹುಕ್) ಇಳಿಸಿ ಮೀನು ಎತ್ತುತ್ತಿದ್ದರು. ಸ್ಪರ್ಧೆಗಳಲ್ಲಿ ಅಷ್ಟುದ್ದದ ಕೋಲಿಗೆ ಆಕ್ಷೇಪ ಬಂತು. ಅದೇ ವಿದ್ಯೆಯನ್ನು ಅವರು ಏಳೂವರೆ ಅಡಿಗೆ ಇಳಿಸಿದರು. ಅದೇ ಫ್ಲಿಪ್ಪಿಂಗ್ ಆಯಿತು, ಅಂಗಡಿಗಳಲ್ಲಿ ಇವತ್ತಿಗೂ ಫ್ಲಿಪ್ಪಿಂಗ್ ರಾಡ್ ಅಂದರೆ ಈ ಉದ್ದವೇ ಮೊದಲು ಕೈಗೆ ಬರುತ್ತದೆ. ನನ್ನ ಎತ್ತರ ಐದೂವರೆ ಅಡಿ, ಇದಕ್ಕಿಂತ ಉದ್ದದ್ದು ಸಂಜೆ ಹೊತ್ತಿಗೆ ಮಣಿಕಟ್ಟು ಹಿಡಿಸುತ್ತದೆ. ಗಿಡ್ಡ ಇರುವವರು ಏಳು ಅಡಿ ಮೂರು ಇಂಚು ನೋಡಿ, ಏನೂ ಕಳೆದುಕೊಳ್ಳುವುದಿಲ್ಲ.

ರಾಡ್ ಬಗ್ಗೆ ನನ್ನ ದೂರು ಒಂದೇ, ಆದರೆ ಸಣ್ಣದಲ್ಲ. ಎರಡನೇ ವರ್ಷದಲ್ಲಿ ದಾರ ಹಾದುಹೋಗುವ ತುದಿಯ ಗೈಡ್‌ನ ಒಳಗಿನ ಸೆರಾಮಿಕ್ ಬಳೆ ಬಿರುಕು ಬಿಟ್ಟಿತು. ಕಣ್ಣಿಗೆ ಕಾಣಲಿಲ್ಲ. ಬ್ರೇಡ್ ಮಾತ್ರ ಪದೇ ಪದೇ ನೂಲು ನೂಲಾಗಿ ಏಳುತ್ತಿತ್ತು. ಇದನ್ನು ಪತ್ತೆ ಹಚ್ಚುವುದು ಸುಲಭ: ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಪ್ರತಿ ಬಳೆಯೊಳಗೂ ಒಂದು ಸುತ್ತು ತಿರುಗಿಸಿ, ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬಿರುಕಿದೆ. ಕಂಪನಿಯವರಿಗೆ ಬರೆದರೆ ಬಿಲ್ ಕೇಳಿದರು, ಫೋಟೋ ಕೇಳಿದರು, ಮತ್ತೆ ಬಿಲ್ ಕೇಳಿದರು. ಸಾಕಾಗಿ ಇಲ್ಲೇ ರಾಡ್ ರಿಪೇರಿ ಮಾಡುವ ಒಬ್ಬ ತಾತನ ಹತ್ತಿರ ಹೋದೆ, ತುದಿ ಬಿಸಿ ಮಾಡಿ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿ ಕೊಟ್ಟರು, ನಾನು ಅಲ್ಲೇ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಯಿತು. ಆಮೇಲೆ ತೊಂದರೆ ಇಲ್ಲ. ಅಂದಹಾಗೆ, ಹೆವಿ ರಾಡ್‌ಗಳು ಮುರಿಯುವುದು ಮೀನಿನ ಜೋರಿಗಲ್ಲ. ಮೀನನ್ನು ದೋಣಿಗೆ ಎತ್ತುವಾಗ ರಾಡನ್ನು ಆಕಾಶಕ್ಕೆ ನೆಟ್ಟಗೆ ಹಿಡಿದರೆ ಭಾರವೆಲ್ಲ ತೆಳು ತುದಿಗೆ ಬೀಳುತ್ತದೆ, ಆಗ ಪಟ್ ಅನ್ನುತ್ತದೆ. ಬಲೆ ಇಟ್ಟುಕೊಳ್ಳಿ, ಇಲ್ಲಾಂದ್ರೆ ಬಗ್ಗಿ ಕೆಳದವಡೆ ಹಿಡಿದು ಎತ್ತಿ.

ಬ್ರೇಡ್ ಸೋಲುವ ಜಾಗಗಳೂ ಇವೆ, ಅದನ್ನು ಮುಚ್ಚಿಟ್ಟರೆ ವಿಮರ್ಶೆ ಆಗುವುದಿಲ್ಲ. ಕಲ್ಲು, ಕಾಂಕ್ರೀಟು, ದೋಣಿ ಕಟ್ಟುವ ಡಾಕ್‌ನ ಕಂಬ, ಇವಕ್ಕೆ ಬಿಗಿಯಾದ ಬ್ರೇಡ್ ಉಜ್ಜಿದರೆ ನೂಲುಗಳು ಬೇಗ ಹರಿಯುತ್ತವೆ. ಟೆಕ್ಸೋಮಾ ಸರೋವರದಲ್ಲಿ 2009ರಲ್ಲಿ ಜೀಬ್ರಾ ಮಸಲ್ ಅನ್ನುವ ಚಿಪ್ಪುಜೀವಿ ಕಾಣಿಸಿಕೊಂಡಿತು, ಆಮೇಲೆ ಟೆಕ್ಸಸ್‌ನ ಬೇರೆ ಸರೋವರಗಳಿಗೂ ಹರಡಿತು. ಆ ಚಿಪ್ಪು ಅಂಟಿದ ಕಂಬದ ಹತ್ತಿರ ಬ್ರೇಡ್ ಬೇಡವೇ ಬೇಡ. ಮರದ ವಿಷಯ ಸ್ವಲ್ಪ ಸೂಕ್ಷ್ಮ. ಹಸಿ ದಂಟನ್ನು ಕೊಯ್ಯುವ ಗುಣವೇ ಇಲ್ಲಿ ತಿರುಗಿ ಬೀಳುತ್ತದೆ: ನೀರಲ್ಲಿ ನೆನೆದ ಮೆತ್ತನೆ ಕೊಂಬೆಯೊಳಗೆ ದಾರ ಕಚ್ಚಿಕೊಂಡು ಕೂರುತ್ತದೆ, ಮೀನು ಆ ಕಡೆ, ನೀವು ಈ ಕಡೆ. ಫ್ಲೋರೋಕಾರ್ಬನ್ ಆದರೆ ಕೊಂಬೆಯ ಮೇಲೆ ಜಾರುತ್ತದೆ. ಹಾಗಾಗಿ ಮುಳುಗಿದ ಮರ ಮಾತ್ರ ಇದ್ದು ಗಿಡ ಇಲ್ಲದ ಕಡೆ ನಾನು ಇನ್ನೊಂದು ರೀಲ್‌ನಲ್ಲಿ 20 ಅಥವಾ 25 ಪೌಂಡ್ ಫ್ಲೋರೋಕಾರ್ಬನ್ ಇಟ್ಟುಕೊಳ್ಳುತ್ತೇನೆ. ರಾಡ್ ಅದೇ ನಡೆಯುತ್ತದೆ, ರೀಲ್ ಬಿಚ್ಚಿ ಹಾಕಿಕೊಂಡರಾಯಿತು.

ಸಿಕ್ಕಿಹಾಕಿಕೊಂಡ ಬ್ರೇಡನ್ನು ಬರಿಗೈಗೆ ಸುತ್ತಿ ಎಳೆಯಬೇಡಿ, ದಯವಿಟ್ಟು. 65 ಪೌಂಡ್ ಅಂದರೆ ಸುಮಾರು ಮೂವತ್ತು ಕಿಲೋ, ದಾರಕ್ಕಿಂತ ಮೊದಲು ಬೆರಳು ಹೋಗುತ್ತದೆ. ಪೊರಕೆ ಹಿಡಿಯ ಒಂದು ತುಂಡು ದೋಣಿಯಲ್ಲಿ ಇಟ್ಟುಕೊಂಡಿದ್ದೇನೆ, ಅದಕ್ಕೆ ಸುತ್ತಿ ನಿಧಾನವಾಗಿ ಜಗ್ಗಿದರೆ ಹೆಚ್ಚಿನ ಸಲ ಹುಕ್ ನೆಟ್ಟಗಾಗಿ ಬಿಟ್ಟುಕೊಳ್ಳುತ್ತದೆ.

ರೀಲಿಗೆ ಸುತ್ತುವಾಗ ಬ್ರೇಡನ್ನು ನೇರವಾಗಿ ಸ್ಪೂಲಿಗೆ (ದಾರ ಸುತ್ತುವ ಉರುಳೆಗೆ) ಕಟ್ಟಿದರೆ ನುಣುಪಿಗೆ ಇಡೀ ದಾರದ ಸುರುಳಿಯೇ ಸ್ಪೂಲಿನ ಮೇಲೆ ಜಾರಿ ತಿರುಗುತ್ತದೆ, ಡ್ರ್ಯಾಗ್ (ರೀಲಿನ ಬ್ರೇಕು) ಕೆಟ್ಟಿದೆ ಅನ್ನಿಸುತ್ತದೆ. ಕೆಳಗೆ ಹತ್ತು ಹದಿನೈದು ಗಜ ಮೋನೋ ಸುತ್ತಿ, ಅದರ ಮೇಲೆ ಬ್ರೇಡ್ ಹಾಕಿ. ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು ಸುತ್ತಬೇಕು. ಸಡಿಲ ಇದ್ದರೆ ದೊಡ್ಡ ಮೀನು ಎಳೆದಾಗ ಮೇಲಿನ ಸುತ್ತು ಒಳಗಿನ ಸುತ್ತುಗಳ ಮಧ್ಯೆ ಹೂತುಕೊಳ್ಳುತ್ತದೆ, ಮುಂದಿನ ಎಸೆತದಲ್ಲಿ ಕಪ್ಪೆ ಅರ್ಧ ದಾರಿಯಲ್ಲಿ ನಿಂತು ವಾಪಸ್ ಮುಖಕ್ಕೆ ಬರುತ್ತದೆ. ಗಂಟು ಪಾಲೊಮಾರ್, ಎಂಜಲು ಹಚ್ಚಿ ಬಿಗಿಯಿರಿ. ಮೋನೋಗೆ ಕಟ್ಟುವ ಕ್ಲಿಂಚ್ ಗಂಟು ಬ್ರೇಡ್‌ನಲ್ಲಿ ಜಾರುತ್ತದೆ.

ಹಸಿರು ಬಣ್ಣ ಮೊದಲ ಬೇಸಿಗೆಯಲ್ಲೇ ಮಾಸುತ್ತದೆ, ಯಾವ ಕಂಪನಿಯದ್ದಾದರೂ ಅಷ್ಟೇ. ಈ ಪಾಲಿಎಥಿಲೀನ್ ನೂಲು ಬಣ್ಣ ಹಿಡಿಯುವುದಿಲ್ಲ, ಮೇಲೆ ಬಳಿದಿರುತ್ತಾರೆ. ಬಣ್ಣ ಹೋಯಿತು ಅಂತ ಎಸೆಯಬೇಡಿ, ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಉಗುರಿನ ತುದಿಯಲ್ಲಿ ಎಳೆದು ನೋಡಿ, ಒರಟಾಗಿ ಪುಸುಪುಸು ಎದ್ದ ಭಾಗ ಇದ್ದರೆ ಅಷ್ಟನ್ನು ಕತ್ತರಿಸಿ. ತುದಿ ಕಡೆಯ ಐವತ್ತು ಗಜ ಸವೆದ ಮೇಲೆ ಪೂರ್ತಿ ಬಿಚ್ಚಿ ತಿರುಗಿಸಿ ಸುತ್ತಿದರೆ ಒಳಗಿದ್ದ ಹೊಸ ದಾರ ಮುಂದೆ ಬರುತ್ತದೆ. 150 ಗಜದ ಸುರುಳಿಗೆ ಹೀಗೆ ಎರಡು ಜನ್ಮ. ಫ್ಲೋರೋಕಾರ್ಬನ್‌ಗೆ ಈ ಆಯಸ್ಸು ಇಲ್ಲ, ಅದನ್ನು ನಾನು ಪ್ರತಿ ಸೀಸನ್ ಬದಲಾಯಿಸುತ್ತೇನೆ. ಕತ್ತರಿಸಿದ ಬ್ರೇಡ್ ಚೂರುಗಳನ್ನು ದಡದ ಮೋನೋ ಮರುಬಳಕೆ ಡಬ್ಬಿಗೆ ಹಾಕಬೇಡಿ, ಅಲ್ಲಿ ಬ್ರೇಡ್ ತೆಗೆದುಕೊಳ್ಳುವುದಿಲ್ಲ. ಸಣ್ಣಗೆ ಕತ್ತರಿಸಿ ಮನೆಯ ಕಸಕ್ಕೆ.

ಇಷ್ಟೆಲ್ಲಾ ಮಾಡಿ ಮೀನನ್ನು ವಾಪಸ್ ಬಿಡುತ್ತೀರಾ ಅಂತ ನಮ್ಮ ಕನ್ನಡದವರು ಊಟಕ್ಕೆ ಸೇರಿದಾಗಲೆಲ್ಲ ಕೇಳುತ್ತಾರೆ. ಫೋರ್ಕ್‌ನಲ್ಲಿ 16 ಇಂಚಿಗಿಂತ ದೊಡ್ಡದು, 24 ಇಂಚಿಗಿಂತ ಚಿಕ್ಕದು ಸಿಕ್ಕರೆ ಬಿಡಲೇಬೇಕು, ಅದು ನಿಯಮ. ಒಳ್ಳೆಯ ಮೀನುಗಳಲ್ಲಿ ಹೆಚ್ಚಿನವು ಆ ಅಳತೆಯಲ್ಲೇ ಬರುತ್ತವೆ. ಗಟ್ಟಿ ಲೈನ್ ಇದ್ದರೆ ಮೀನನ್ನು ಸುಸ್ತು ಮಾಡದೆ ಬೇಗ ತಂದು ಬೇಗ ಬಿಡಬಹುದು, ಇದೂ ಒಂದು ಲಾಭ.

ಹೋದ ಸಲ ಊರಿಗೆ ಹೋದಾಗ ಉಳಿದಿದ್ದ ಬ್ರೇಡನ್ನು ಮದ್ದೂರಿನ ಕಡೆ ಇರುವ ಭಾವಮೈದುನನಿಗೆ ಕೊಟ್ಟೆ. ಅವನು ಹಿಡಿಯುವುದು ಕೊರಮೀನು, ಅದೂ ಕೆರೆಯ ಜೊಂಡಿನೊಳಗೇ ಇರುತ್ತದೆ, ಕಪ್ಪೆಗೇ ಬರುತ್ತದೆ. "ಭಾವ, ದಾರ ಚೆನ್ನಾಗೈತೆ, ಆದ್ರೆ ಅದ್ರ ಹಲ್ಲಿಗೆ ಬೇಗ ಹೋಗ್ತದೆ" ಅಂದ. ಬ್ಯಾಸ್ ಬಾಯಿಯಲ್ಲಿ ಅರದಷ್ಟು ಒರಟು, ಹಲ್ಲು ಅನ್ನುವಂಥದ್ದಿಲ್ಲ. ಕೊರಮೀನಿಗೆ ನಿಜವಾದ ಹಲ್ಲಿದೆ. ಹಾಗಾಗಿ ಅಲ್ಲಿ ಹುಕ್ ಹತ್ತಿರದ ಒಂದು ಮೊಳ ದಾರವನ್ನು ಪ್ರತಿ ಮೀನಿನ ನಂತರ ನೋಡಿ ಕತ್ತರಿಸಿ ಮತ್ತೆ ಕಟ್ಟಬೇಕು.

50 ಸಾಕಾ, 80 ಬೇಕಾ ಅಂತ ಕೇಳುವವರಿಗೆ: ವಿರಳ ತಾವರೆ ಎಲೆ, ತೆರೆದ ಅಂಚು ಅಷ್ಟೇ ಇದ್ದರೆ 50 ಸಾಕು, ಸ್ವಲ್ಪ ದೂರವೂ ಹೋಗುತ್ತದೆ. 80 ತೆಗೆದುಕೊಳ್ಳುವುದು ಬರೀ ಪಂಚಿಂಗ್ ಮಾಡುವವರಿಗೆ. 30 ಪೌಂಡಿನದ್ದನ್ನು ಹೆವಿ ರಾಡಿಗೆ ಹಾಕಲೇಬೇಡಿ, ಹುಕ್ ಎಳೆಯುವ ಆ ಒಂದು ಹೊಡೆತಕ್ಕೇ ಗಂಟಿನ ಹತ್ತಿರ ತುಂಡಾಗಬಹುದು. ರೀಲ್ 7:1 (ಹಿಡಿ ಒಂದು ಸುತ್ತಿಗೆ ಸ್ಪೂಲ್ ಏಳು ಸುತ್ತು) ಅಥವಾ ಅದಕ್ಕಿಂತ ವೇಗದ್ದಿರಲಿ, ಮೀನು ನಿಮ್ಮ ಕಡೆಗೇ ಓಡಿ ಬಂದಾಗ ಸಡಿಲ ದಾರ ಎಳೆದುಕೊಳ್ಳುವುದಕ್ಕೆ.