ಬ್ಯಾಟರಿಯ ಥರ್ಮಲ್ ಅಬ್ಲೇಷನ್ ಯಂತ್ರ: ಸಣ್ಣ ಆರೋಗ್ಯ ಕೇಂದ್ರಕ್ಕೆ ಒಗ್ಗುತ್ತದೆಯೇ?

ಒಗ್ಗುತ್ತದೆ, ಆದರೆ ಪ್ರೋಬ್‌ಗಳನ್ನು, ಅಂದರೆ ಗರ್ಭಕಂಠಕ್ಕೆ ತಾಗಿಸುವ ಬಿಸಿ ತುದಿಗಳನ್ನು, ಸಾಕಷ್ಟು ಕೊಂಡರೆ ಮಾತ್ರ. ಗರ್ಭಕಂಠದಲ್ಲಿ ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆ ಕಂಡರೆ ಬಡ ದೇಶಗಳ ಕೇಂದ್ರಗಳಲ್ಲಿ ಬಹುಕಾಲ ನಡೆದದ್ದು ಕ್ರಯೋಥೆರಪಿ, ಅಂದರೆ ಆ ಜಾಗವನ್ನು ಹೆಪ್ಪುಗಟ್ಟಿಸಿ ನಾಶಮಾಡುವ ಚಿಕಿತ್ಸೆ. ಅದಕ್ಕೆ ಭಾರದ ಗ್ಯಾಸ್ ಸಿಲಿಂಡರ್ ಬೇಕು. 3 ನಿಮಿಷ ಹೆಪ್ಪುಗಟ್ಟಿಸಿ, 5 ನಿಮಿಷ ಕರಗಲು ಬಿಟ್ಟು, ಮತ್ತೆ 3 ನಿಮಿಷ ಹೆಪ್ಪುಗಟ್ಟಿಸಬೇಕು. ಗ್ಯಾಸ್ ಮುಗಿದರೆ ಮಹಿಳೆಯನ್ನು ಇನ್ನೊಂದು ದಿನ ಬರಹೇಳಬೇಕು, ಎಷ್ಟೋ ಮಂದಿ ಮತ್ತೆ ಬರುವುದೇ ಇಲ್ಲ. ಆ ಜಾಗವನ್ನು ಶಾಖದಿಂದ ಸುಡುವ, ಕೈಯಲ್ಲಿ ಹಿಡಿಯುವ ಈ ಥರ್ಮಲ್ ಅಬ್ಲೇಷನ್ ಯಂತ್ರಕ್ಕೆ ಚಾರ್ಜ್ ಆದ ಬ್ಯಾಟರಿಯಿದ್ದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದರ ಬಳಕೆಗೆ ಮಾರ್ಗಸೂಚಿ ಕೊಟ್ಟಿದೆ.

ಬಳಸುವುದು ಸರಳ. ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಹಿಡಿಯುವ ಸಾಧನ) ಹಾಕಿ, ಗರ್ಭಕಂಠಕ್ಕೆ 3ರಿಂದ 5% ಅಸಿಟಿಕ್ ಆಮ್ಲ ಹಚ್ಚಿ, ಗಡಿಯಾರ ನೋಡಿಕೊಂಡು ಪೂರ್ತಿ 1 ನಿಮಿಷ ಕಾಯಬೇಕು. ಆತುರಪಟ್ಟರೆ ಬದಲಾದ ಜಾಗ ತೋರಿಸುವ ಬಿಳಿ ಮಚ್ಚೆ ಸರಿಯಾಗಿ ಮೂಡುವ ಮುಂಚೆಯೇ 'ಏನೂ ಇಲ್ಲ' ಎಂದು ಬರೆದುಬಿಡುತ್ತೇವೆ. ನೀರು ಬೆರೆಸದ ಗಟ್ಟಿ (ಗ್ಲೇಶಿಯಲ್) ಅಸಿಟಿಕ್ ಆಮ್ಲದಿಂದ ತಯಾರಿಸುವವರು 95 ಮಿಲಿ ಡಿಸ್ಟಿಲ್ಡ್ ನೀರಿಗೆ 5 ಮಿಲಿ ಆಮ್ಲ ಹಾಕಿ ಚೆನ್ನಾಗಿ ಬೆರೆಸಬೇಕು, ಅದನ್ನೂ ಅವತ್ತಿನದು ಅವತ್ತೇ. ನೀರು ಬೆರೆಸದ ಆಮ್ಲ ತಾಗಿದರೆ ಮೈ ಸುಡುತ್ತದೆ. ಮಚ್ಚೆ ಖಚಿತವಾದ ಮೇಲೆ ಪ್ರೋಬನ್ನು ಗರ್ಭಕಂಠಕ್ಕೆ ಒತ್ತಿ ಹಿಡಿದು, ಕನಿಷ್ಠ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 30 ಸೆಕೆಂಡ್ ಇಟ್ಟರೆ ಒಂದು ಸುತ್ತು ಮುಗಿಯಿತು. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ, ಮುಟ್ಟಿನ ನೋವಿನಂತೆ ಕಿಬ್ಬೊಟ್ಟೆ ಹಿಂಡಬಹುದು.

ಎಡವುವುದು ಎಲ್ಲಿ? ಕ್ರಯೋದಲ್ಲಿ ಮಂಜಿನ ಅಂಚು ಹರಡುವುದು ಕಣ್ಣಿಗೇ ಕಾಣುತ್ತದೆ. ಇಲ್ಲಿ ಅಂಥ ಸುಳಿವಿಲ್ಲ. ಒಂದೇ ಸುತ್ತಿಗೆ ನಿಲ್ಲಿಸಿದರೆ ಮಚ್ಚೆಯ ಅಂಚು ಉಳಿದುಹೋಗಬಹುದು. ಹಿಂದಿನ ಸುತ್ತಿನ ಮೇಲೆ ಸ್ವಲ್ಪ ಹಾಯುವಂತೆ ಪ್ರೋಬ್ ಸರಿಸುತ್ತಾ ಟ್ರಾನ್ಸ್‌ಫಾರ್ಮೇಷನ್ ಝೋನ್, ಅಂದರೆ ಗರ್ಭಕಂಠದಲ್ಲಿ ಇಂಥ ಬದಲಾವಣೆ ಹೆಚ್ಚಾಗಿ ಹುಟ್ಟುವ ವಲಯ, ಪೂರ್ತಿ ಮುಚ್ಚಬೇಕು. ಇನ್ನೊಂದು ತೊಂದರೆ, ಯೋನಿಯ ಪಕ್ಕದ ಗೋಡೆ ಒಳಕ್ಕೆ ಜೋತುಬಿದ್ದು ಬಿಸಿ ತುದಿಗೆ ತಾಗುವುದು. ತುದಿ ಕತ್ತರಿಸಿದ ಕಾಂಡೋಮನ್ನು ಸ್ಪೆಕ್ಯುಲಮ್ ಮೇಲೆ ಏರಿಸಿದರೆ ಗೋಡೆ ಆಚೆಗೇ ನಿಲ್ಲುತ್ತದೆ. ಪುಡಿಗಾಸಿನ ಖರ್ಚು, ತುಂಬಾ ಉಪಯೋಗ.

ಯಂತ್ರದ ದೊಡ್ಡ ಮಿತಿ ಬೇರೆಯೇ ಇದೆ. ಅಂಗಾಂಶ ಸುಟ್ಟುಹೋಗುವುದರಿಂದ ಬಯಾಪ್ಸಿಗೆ ಏನೂ ಉಳಿಯದು. ಕ್ಯಾನ್ಸರ್ ಇರಬಹುದೆಂಬ ಚಿಕ್ಕ ಅನುಮಾನ ಬಂದರೂ ಯಂತ್ರ ಮುಟ್ಟಬೇಡಿ, ದೊಡ್ಡ ಆಸ್ಪತ್ರೆಗೆ ಕಳುಹಿಸಿ. ಮಚ್ಚೆ ಗರ್ಭಕಂಠದ ಕಾಲುವೆಯೊಳಗೆ ಹೋಗಿದ್ದರೆ, ಗರ್ಭಕಂಠದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಬ್ಬಿದ್ದರೆ, ಝೋನ್ ಪೂರ್ತಿ ಕಾಣದಿದ್ದರೆ ಇದು ತಕ್ಕ ಚಿಕಿತ್ಸೆಯಲ್ಲ. ಗರ್ಭಿಣಿಯರಿಗೆ ಹೆರಿಗೆಯ ನಂತರ ನೋಡಬಹುದು. ಮುಟ್ಟು ನಿಂತವರಲ್ಲಿ ಝೋನ್ ಒಳಗೆ ಸರಿದಿರುತ್ತದೆ, ಅವರನ್ನು ಪರೀಕ್ಷಿಸುವಾಗ ಹೆಚ್ಚು ಎಚ್ಚರ ಬೇಕು. ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್) ಡಿಎನ್‌ಎ ಪರೀಕ್ಷೆ ಪಾಸಿಟಿವ್ ಬಂದವರಿಗೂ ಪ್ರೋಬ್ ಇಡುವ ಮುನ್ನ ಕಣ್ಣಾರೆ ನೋಡಲೇಬೇಕು.

ಇನ್ನು ಖರೀದಿ. ಪ್ರತಿ ಬಳಕೆಯ ನಂತರ ಪ್ರೋಬ್ ತಣಿಸಿ, ತೊಳೆದು, 2% ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕದಲ್ಲಿ 20 ನಿಮಿಷ ಮುಳುಗಿಸಿ, ಶುದ್ಧ ನೀರಲ್ಲಿ ಜಾಲಿಸಿ ಒಣಗಿಸಬೇಕು. ಇಷ್ಟಕ್ಕೇ ಅರ್ಧ ಗಂಟೆ ದಾಟುತ್ತದೆ. ಒಂದೇ ಪ್ರೋಬ್ ಇದ್ದರೆ ಸಾಲು ನಿಂತುಬಿಡುತ್ತದೆ, ಬೇಗ ಮುಗಿಸುವ ಒತ್ತಡದಲ್ಲಿ ಸ್ಪಿರಿಟ್‌ನಿಂದ ಒರೆಸಿ ಇನ್ನೊಬ್ಬರಿಗೆ ಬಳಸುವ ಅಪಾಯವಿದೆ. ಇದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಯಂತ್ರದ ಬೆಲೆಯ ಜೊತೆಗೇ ಹೆಚ್ಚುವರಿ ಪ್ರೋಬ್, ಎರಡನೇ ಬ್ಯಾಟರಿ ಮತ್ತು ದುರಸ್ತಿಯ ಬೆಲೆಯನ್ನೂ ಕೇಳಿ. ಪ್ರೋಬ್ ಯಾವ ದ್ರಾವಣ ತಡೆಯುತ್ತದೆ, ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಬಹುದೇ ಎಂಬುದನ್ನು ಕೈಪಿಡಿಯಲ್ಲಿ ಓದಿಕೊಂಡೇ ಆರ್ಡರ್ ಕೊಡಿ.

ಮನೆಗೆ ಹೋಗುವ ಮುನ್ನ ಮಹಿಳೆಗೆ ಬಿಡಿಸಿ ಹೇಳಿ: ಕೆಲವು ವಾರ ನೀರಿನಂಥ ಸ್ರಾವ ಸಹಜ, 4 ವಾರ ಲೈಂಗಿಕ ಸಂಪರ್ಕ ಬೇಡ. ಜ್ವರ, ತೀವ್ರ ಹೊಟ್ಟೆನೋವು, ಕೆಟ್ಟ ವಾಸನೆಯ ಕೀವು ಅಥವಾ ಮುಟ್ಟಿಗಿಂತ ಹೆಚ್ಚು ರಕ್ತ ಕಂಡರೆ ತಕ್ಷಣ ಬರಬೇಕು. 12 ತಿಂಗಳಿಗೆ ಮರುಪರೀಕ್ಷೆಯ ದಿನಾಂಕವನ್ನು ಅವರ ಚೀಟಿಯಲ್ಲೂ ಕೇಂದ್ರದ ರಿಜಿಸ್ಟರಿನಲ್ಲೂ ಆಗಲೇ ಬರೆದಿಡಿ.